ಮನೆ ಟೆರೇಸ್ ಮೇಲೆ ಕರೆಂಟ್ ಮಾಡೋ ಗಾಳಿ ಫ್ಯಾನ್ (ವಿಂಡ್ ಟರ್ಬೈನ್) ಹಾಕ್ಸೋರು ದಯವಿಟ್ಟು ಇದನ್ನ ಓದಿ, ನಾವು 1.4 ಲಕ್ಷ ಕಳ್ಕೊಂಡಿದೀವಿ

ನಮ್ಮೂರು ಚಿತ್ರದುರ್ಗ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ದೊಡ್ಡ ಫ್ಯಾನ್‌ಗಳು ತಿರುಗೋದನ್ನ ವರ್ಷಗಟ್ಟಲೆ ನೋಡ್ಕೊಂಡು ಬಂದವ್ರು ನಾವು, ಹಂಗಾಗಿ ಹೋದ ವರ್ಷ ಆಷಾಢದಲ್ಲಿ ಒಬ್ರು ಮನೆಗೆ ಬಂದು "ನಿಮ್ಮೂರಲ್ಲಿ ಗಾಳಿಗೇನು ಬರಾನಾ ಸಾರ್, 1 ಕಿಲೋವ್ಯಾಟ್ ಫ್ಯಾನ್ ಕೂರ್ಸಿದ್ರೆ ದಿನಕ್ಕೆ 5 ಯೂನಿಟ್ ಗ್ಯಾರಂಟಿ, ಸೋಲಾರ್ ತರ ಅಲ್ಲ, ರಾತ್ರಿನೂ ಬರುತ್ತೆ" ಅಂದಾಗ ನಂಬ್ಬಿಟ್ವಿ. ಅವತ್ತು ಟೆರೇಸ್ ಮೇಲೆ ಒಣಗಾಕಿದ್ದ ಬಟ್ಟೆ ಕ್ಲಿಪ್ ಸಮೇತ ಹಾರೋಗ್ತಿತ್ತು, ಯಾರಾದ್ರೂ ನಂಬೋರೇ. ಬ್ಯಾಟರಿ, ಇನ್ವರ್ಟರ್, ಕಂಬ ಎಲ್ಲಾ ಸೇರಿ 1 ಲಕ್ಷ 40 ಸಾವಿರ, ಅದ್ರಲ್ಲಿ 60 ಸಾವಿರ ಅಪ್ಪಾಜಿ ಪೆನ್ಷನ್ ದುಡ್ಡು.

ಫಿಟ್ ಮಾಡಿದ್ದು ದಸರಾ ಆದ್ಮೇಲೆ. ಅಷ್ಟೊತ್ತಿಗೆ ಗಾಳಿ ಇಳಿದಿತ್ತು. ಫ್ಯಾನೇನೋ ತಿರುಗ್ತಿತ್ತು, ಆದ್ರೆ ಡಿಸ್‌ಪ್ಲೇಲಿ 0, 4, 7 ವ್ಯಾಟ್. ತಿರುಗೋದೇ ಬೇರೆ ಕರೆಂಟ್ ಬರೋದೇ ಬೇರೆ. ನವೆಂಬರ್ ಪೂರ್ತಿ ದಿನಾ ಬರೆದಿಟ್ಟಿದೀನಿ, 30 ದಿನಕ್ಕೆ 2 ಯೂನಿಟ್ಟೂ ಆಗ್ಲಿಲ್ಲ.

ಆಮೇಲೆ ಕೂತು ಓದಿ ತಿಳ್ಕೊಂಡಿದ್ದು ಇದು, ದುಡ್ಡು ಕೊಡೋ ಮುಂಚೆ ಗೊತ್ತಿರ್ಬೇಕಿತ್ತು. ಗಾಳಿ ವೇಗ ಅರ್ಧ ಆದ್ರೆ ಕರೆಂಟ್ ಅರ್ಧ ಆಗಲ್ಲ, ಎಂಟನೇ ಒಂದು ಭಾಗಕ್ಕೆ ಬೀಳುತ್ತೆ. ಫ್ಯಾನ್ ಮೇಲೆ ಬರೆದಿರೋ 1 ಕಿಲೋವ್ಯಾಟ್ ಸೆಕೆಂಡಿಗೆ 12 ಮೀಟರ್ ವೇಗಕ್ಕೆ, ಅಂದ್ರೆ ಗಂಟೆಗೆ 43 ಕಿ.ಮೀ. ಸುಮಾರು, ಅದು ಮನೆ ಮೇಲೆ ವರ್ಷದಲ್ಲಿ ಎಷ್ಟೊತ್ತು ಬೀಸುತ್ತೆ ನೀವೇ ಹೇಳಿ. ಸೆಕೆಂಡಿಗೆ 3 ಮೀಟರ್ ಅಂದ್ರೆ 64ನೇ ಒಂದು ಭಾಗ, 15 ವ್ಯಾಟ್ ಆಸುಪಾಸು. ಅದೂ ನಮ್ಮದು 1.5 ಮೀಟರ್ ಅಗಲದ ಫ್ಯಾನ್, ಲೆಕ್ಕ ಹಾಕಿದ್ರೆ 12 ಮೀಟರ್ ವೇಗದಲ್ಲೂ 500-600 ವ್ಯಾಟ್ ದಾಟೋದು ಕಷ್ಟ. ಗುಡ್ಡದ ಮೇಲಿನ ಫ್ಯಾನ್‌ಗೆ ಅಡ್ಡ ಏನೂ ಇಲ್ಲ, ಕಂಬಾನೂ ಅಷ್ಟೆತ್ತರ. ನಮ್ಮದು 3 ಮೀಟರ್ ಕಂಬ, ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಪಕ್ಕದ್ಮನೆ ತೆಂಗಿನ ಮರ, ಗಾಳಿ ಸುತ್ತಿ ಸುತ್ತಿ ಬರುತ್ತೆ, ಫ್ಯಾನ್ ಒಂದು ದಿಕ್ಕಿಗೆ ನಿಲ್ಲೋದೇ ಇಲ್ಲ. ಸುತ್ತ ನೂರು ಮೀಟರಲ್ಲಿ ಇರೋ ಮರ, ಮನೆ ಎಲ್ಲದಕ್ಕಿಂತ ಫ್ಯಾನ್ 10 ಮೀಟರ್ ಆದ್ರೂ ಮೇಲಿರ್ಬೇಕಂತೆ.

ಈ ವರ್ಷ ಜೂನಲ್ಲಿ ಜೋರು ಗಾಳಿ ಬಂತು, ಈಗಾದ್ರೂ ಕರೆಂಟ್ ಬರುತ್ತೆ ಅಂದ್ಕೊಂಡ್ವಿ. ರಾತ್ರಿ ಎರಡು ಗಂಟೆಗೆ ಅಡುಗೆಮನೆ ಸ್ಟ್ಯಾಂಡಲ್ಲಿದ್ದ ಸ್ಟೀಲ್ ಲೋಟಗಳು ತಾವಾಗೇ ಸಣ್ಣಕ್ಕೆ ಗಿಣಗಿಣ ಅಂತಿದಾವೆ, ಗೋಡೆ ಮೇಲೆ ಕೈ ಇಟ್ರೆ ಒಳಗೆ ಗುಂಯ್ ಅನ್ನೋದು ಗೊತ್ತಾಗುತ್ತೆ. ಅಮ್ಮ ಹೆದರಿ ಎದ್ದು ಕೂತ್ಬಿಟ್ರು. ಫ್ಯಾನ್ ನಿಲ್ಲಿಸೋಕೆ ಅಂತ ನಾನು ಓಡೋಗಿ ಬ್ಯಾಟರಿ ವೈರ್ ಬಿಚ್ಚಿದೆ, ಅದು ದೊಡ್ಡ ತಪ್ಪು, ದಯವಿಟ್ಟು ಯಾರೂ ಮಾಡ್ಬೇಡಿ, ಲೋಡ್ (ಕರೆಂಟ್ ಎಳ್ಕೊಳ್ಳೋ ಬ್ಯಾಟರಿ) ಇಲ್ದೆ ಫ್ಯಾನ್ ಇನ್ನೂ ಹುಚ್ಚು ಹಿಡಿದಂಗೆ ತಿರುಗುತ್ತೆ. ಫ್ಯಾನ್ ನಿಲ್ಲಿಸೋಕೆ ಬ್ರೇಕ್ ಸ್ವಿಚ್ ಅಂತ ಬೇರೆ ಇರ್ಬೇಕು, ನಮಗೆ ಅವ್ರು ಹಾಕೇ ಇರ್ಲಿಲ್ಲ. ಬೆಳಗಾಗೋವರ್ಗೂ ಯಾರೂ ಮಲಗ್ಲಿಲ್ಲ. ಮಾರನೇ ವಾರ ಮಳೆಗೆ ಬೋಲ್ಟ್ ಹೊಡೆದ ಜಾಗದಿಂದ ದೇವರಮನೆಗೆ ನೀರು ಸೋರೋಕೆ ಶುರುವಾಯ್ತು, ಮೇಸ್ತ್ರಿ ಬಂದು ನೋಡಿ ಮೋಲ್ಡಲ್ಲಿ ಕೂದಲೆಳೆ ಬಿರುಕು ಬಿಟ್ಟಿದೆ ಅಂದ್ರು. ವಾಟರ್‌ಪ್ರೂಫಿಂಗ್‌ಗೆ ಮತ್ತೆ 18 ಸಾವಿರ.

ಯಾರಾದ್ರೂ ಬಂದು ಫ್ಯಾನ್ ಹಾಕ್ಸಿ ಅಂದ್ರೆ ಮೊದ್ಲು ಅವ್ರಿಂದ ಸೆಕೆಂಡಿಗೆ 3, 4, 5 ಮೀಟರ್ ಗಾಳಿಗೆ ಎಷ್ಟು ವ್ಯಾಟ್ ಬರುತ್ತೆ ಅಂತ ಬರೆಸ್ಕೊಳ್ಳಿ, ಬರೆದುಕೊಡ್ದೇ ಇದ್ರೆ ಅಲ್ಲೇ ಬಿಟ್ಬಿಡಿ. ಗಾಳಿ ಅಳೆಯೋ ಮೀಟರ್ ತಗೊಂಡು ನಿಮ್ಮ ಟೆರೇಸಲ್ಲೇ ಆಷಾಢ ಬಿಟ್ಟು ಬೇರೆ ತಿಂಗಳಲ್ಲೂ ನೋಡಿ. ಊರಾಚೆ ತೋಟದ ಮನೆ, ಬಯಲು, ಎತ್ತರದ ಕಂಬ ಇದ್ರೆ ಬೇರೆ ಮಾತು, ಲೇಔಟ್ ಮನೆಗೆ ಬೇಡ. ಅದೇ ದುಡ್ಡಿಗೆ ಸೋಲಾರ್ ನೋಡಿ, ಕೇಂದ್ರ ಸರ್ಕಾರದ ಸೋಲಾರ್ ಸ್ಕೀಮ್ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ, ಆ ಸ್ಕೀಮಲ್ಲಿ ಗಾಳಿ ಫ್ಯಾನ್‌ಗೆ ಬರಲ್ಲ. ನಮಗೆ ಇದಕ್ಕೂ ಸಬ್ಸಿಡಿ ಬರುತ್ತೆ ಅಂತಾನೇ ಹೇಳಿದ್ರು.

ಫ್ಯಾನ್ ಇಳಿಸಿ ಮೆಟ್ಟಿಲ ಕೆಳಗೆ ಇಟ್ಟಿದೀವಿ. ಕಂಪ್ನಿಯವ್ರು ಫೋನ್ ಎತ್ತಲ್ಲ. ಬಿಲ್ಲು, ವಾಟ್ಸಾಪ್ ಮೆಸೇಜು, ನಾನು ಬರೆದಿಟ್ಟ ಯೂನಿಟ್ ಲೆಕ್ಕ ಎಲ್ಲಾ ಸೇರಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದೀನಿ, ಇದೇ ತರ ಆಗಿರೋರು ನಿಮ್ಮ ಬಿಲ್ಲು, ಮೆಸೇಜು ಯಾವ್ದನ್ನೂ ಡಿಲೀಟ್ ಮಾಡ್ಬೇಡಿ.