ಕೆ-ಸೆಟ್ ಕೋಚಿಂಗ್, ತುಮಕೂರು: ಪಾಠಕ್ಕೆ ಹೋಗಿ, ನೋಟ್ಸ್ ಕೊಳ್ಳಬೇಡಿ

ನಾನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕೆ-ಸೆಟ್ (ರಾಜ್ಯದ ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು ಅಂತ ಭಾನುವಾರ ಗುಬ್ಬಿಯಿಂದ ಬಸ್ಸು ಹತ್ತಿ, ಬಿ.ಎಚ್. ರಸ್ತೆ ಹತ್ತಿರದ ಒಂದು ಕೋಚಿಂಗ್ ಸೆಂಟರ್‌ಗೆ ಮೂರು ತಿಂಗಳಿಂದ ಹೋಗುತ್ತಿದ್ದೇನೆ.

ರಾಜ್ಯಶಾಸ್ತ್ರದ ಸರ್ ಪಾಠ ನಿಜಕ್ಕೂ ಚೆನ್ನಾಗಿದೆ. ಅಮೆರಿಕ ಅಧ್ಯಕ್ಷರ ವೀಟೋ, ಅಂದರೆ ಮಸೂದೆಯನ್ನು ತಡೆಯುವ ಅಧಿಕಾರ, ಹೇಳಿಕೊಡುವ ದಿನ ಗೋಡೆಯ ಕ್ಯಾಲೆಂಡರನ್ನೇ ಇಳಿಸಿ ಮೇಜಿನ ಮೇಲಿಟ್ಟರು. ‘ಸೋಮವಾರ ಮಸೂದೆ ಅಧ್ಯಕ್ಷರ ಕೈ ಸೇರಿತು. ಮಂಗಳವಾರದಿಂದ ಎಣಿಸಿ, ಭಾನುವಾರ ಬಿಡಿ’ ಎಂದರು. ಮುಂದಿನ ವಾರದ ಶುಕ್ರವಾರಕ್ಕೆ ಹತ್ತು ದಿನ ಆಯಿತು. ಅಷ್ಟರೊಳಗೆ ಅಧ್ಯಕ್ಷರು ಸಹಿ ಹಾಕಬೇಕು, ಇಲ್ಲವೇ ಆಕ್ಷೇಪ ಬರೆದು ಮಸೂದೆ ಹುಟ್ಟಿದ ಸದನಕ್ಕೇ ವಾಪಸ್ ಕಳಿಸಬೇಕು. ಸುಮ್ನೆ ಇಟ್ಟುಕೊಂಡರೆ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಅಧಿವೇಶನ ನಡೆಯುತ್ತಿದ್ದಾಗ ಸಹಿಯಿಲ್ಲದೆಯೇ ಕಾನೂನಾಗುತ್ತದೆ. ಕಾಂಗ್ರೆಸ್ ಅಧಿವೇಶನ ಮುಗಿಸಿ ಹೋಗಿದ್ದು, ವಾಪಸ್ ಕಳಿಸಲು ದಾರಿಯೇ ಇಲ್ಲದಿದ್ದರೆ ಮಸೂದೆ ಸಾಯುತ್ತದೆ. ಅದೇ ಪಾಕೆಟ್ ವೀಟೋ. ಎಂ.ಎ.ಯಲ್ಲಿ ಬಾಯಿಪಾಠ ಮಾಡಿದ್ದು ನನಗೆ ಅರ್ಥವಾಗಿದ್ದು ಅವತ್ತೇ.

ಮಸೂದೆಗೆ ರಾಷ್ಟ್ರಪತಿ ಒಪ್ಪಿಗೆ ಕೊಡುವ ನಮ್ಮ ಸಂವಿಧಾನದ 111ನೇ ವಿಧಿಯಲ್ಲಿ ಹೀಗೆ ದಿನದ ಗಡುವಿಲ್ಲ. 1986ರ ಅಂಚೆ ತಿದ್ದುಪಡಿ ಮಸೂದೆಯನ್ನು ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯೂ ಹಾಕದೆ, ವಾಪಸ್ಸೂ ಕಳಿಸದೆ ಇಟ್ಟುಕೊಂಡಿದ್ದು ಅದಕ್ಕೇ ಸಾಧ್ಯವಾಯಿತು.

ಈಗ ನೋಟ್ಸ್ ವಿಷಯ. 600 ರೂಪಾಯಿ ಬೇರೆ ಕಟ್ಟಿದೆ. ವೀಟೋ ಮೀರಲು ‘ಎರಡೂ ಸದನ ಜಂಟಿಯಾಗಿ ಕೂತು ಮೂರನೇ ಎರಡು ಬಹುಮತ ಕೊಡಬೇಕು’ ಅಂತ ಅದರಲ್ಲಿದೆ. ಇದು ತಪ್ಪು. ನಮ್ಮ ಜಂಟಿ ಅಧಿವೇಶನವನ್ನು ತಂದು ಅಲ್ಲಿ ಸೇರಿಸಿಬಿಟ್ಟಿದ್ದಾರೆ. ಅಲ್ಲಿ ಸದನಗಳು ಬೇರೆ ಬೇರೆಯಾಗಿ ಮತ ಹಾಕುತ್ತವೆ. ಎಲ್ಲರೂ ಮತ ಹಾಕಿದರೆ ಕೆಳಮನೆಯ 435ರಲ್ಲಿ 290, ಸೆನೆಟ್‌ನ 100ರಲ್ಲಿ 67 ಬೇಕು. ಅಂದರೆ ಸೆನೆಟ್‌ನಲ್ಲಿ 34 ಜನ ಬೇಡ ಅಂದರೆ ಮುಗಿಯಿತು, ಕೆಳಮನೆ ಒಗ್ಗಟ್ಟಾಗಿ ನಿಂತರೂ ಪ್ರಯೋಜನವಿಲ್ಲ. ವೀಟೋದ ಬಲವೆಲ್ಲ ಇರುವುದು ಈ ಲೆಕ್ಕದಲ್ಲೇ ಅಲ್ವಾ! ಫ್ರಾಂಕ್ಲಿನ್ ರೂಸ್ವೆಲ್ಟ್ 635 ಸಲ ವೀಟೋ ಮಾಡಿದರು, ಕಾಂಗ್ರೆಸ್ ಮೀರಿದ್ದು ಒಂಬತ್ತನ್ನು ಮಾತ್ರ.

ಆಫೀಸಿನಲ್ಲಿ ಪುಟ ತೆಗೆದು ತೋರಿಸಿದೆ. ‘ಮುಂದಿನ ಪ್ರಿಂಟ್‌ನಲ್ಲಿ ನೋಡೋಣ ಮೇಡಂ’ ಎಂದರು. ನನಗೆ ತುಂಬಾ ಬೇಜಾರಾಯಿತು. ಆ ಪುಟ ನಂಬಿ ಶನಿವಾರ ನನ್ನ ಬಿ.ಎ. ಮಕ್ಕಳಿಗೆ ಹಾಗೇ ಹೇಳಿಕೊಟ್ಟಿದ್ದೆ. ಸೋಮವಾರ ಕ್ಲಾಸಿಗೆ ಹೋದವಳೇ ಬೋರ್ಡ್ ಮೇಲೆ 290, 67 ಎಂದು ಬೇರೆ ಬೇರೆ ಬರೆದು, ಹಳೆಯ ಸಾಲನ್ನು ಅವರ ಕೈಯಲ್ಲೇ ಹೊಡೆಸಿದೆ.