ಬಿಲ್ ಇಲ್ಲದ ‘ದುಬೈ ಪೀಸ್’ ಪಿಎಸ್5: ಬೆಳಗಾವಿಯವರೇ, ಹುಷಾರು

ಬೆಳಗಾವಿ ಪೇಟೆಯಲ್ಲಿ ಗೇಮ್ ಕನ್ಸೋಲ್ ತಗೊಳ್ಳುವ ಯೋಚನೆ ಇರುವವರು, ಅದರಲ್ಲೂ ಮಕ್ಕಳಿಗೆ ಕೊಡಿಸಲು ಹೊರಟವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಗಡಿಯವರು “ದುಬೈ ಪೀಸ್ ಐತ್ರಿ, ಕಂಪನಿ ರೇಟಿಗಿಂತ ಏಳೆಂಟು ಸಾವಿರ ಕಮ್ಮಿ, ಮ್ಯಾಲೆ ಗೇಮ್ ಎಲ್ಲಾ ಫ್ರೀ” ಅಂದರೆ ಅಲ್ಲಿಂದ ಎದ್ದು ಬನ್ನಿ. ದುಬೈ ಪೀಸ್ ಅಂದರೆ ಹೊರದೇಶದ ಮಾಲನ್ನು ತಂದು ಇಲ್ಲಿ ಬಿಲ್ ಇಲ್ಲದೆ ಮಾರುವುದು. ನಮ್ಮ ಅಕ್ಕ ಹೊಲಿಗೆ ಮಷಿನ್ ಮುಂದೆ ಕೂತು ಕೂಡಿಟ್ಟ ದುಡ್ಡು ಈ ಮಾತಿಗೆ ಹೋಗಿದೆ. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಹೆಸರು ಬೇಕಾಗಿಯೂ ಇಲ್ಲ, ಯಾಕೆಂದರೆ ಈ ಪದ್ಧತಿ ಒಂದೇ ಅಂಗಡಿಯದ್ದಲ್ಲ.

ಅಕ್ಕನ ಮನೆ ಶಹಾಪುರದಲ್ಲಿ. 2024ರಲ್ಲಿ ಅವಳ ಮಗ ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಬಂದ. ಬಂದರೆ ಕನ್ಸೋಲ್ ಕೊಡಿಸುತ್ತೇನೆ ಅಂತ ಅವಳು ಮೊದಲೇ ಮಾತು ಕೊಟ್ಟಿದ್ದಳು. ಅಲ್ಲಿಂದ ಶುರುವಾಯಿತು ಚರ್ಚೆ. ಇವನಿಗೆ ಪಿಎಸ್5, ಅಂದರೆ ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಬೇಕು. ಇವನ ಗೆಳೆಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಂತ ಹಟ ಹಿಡಿದಿದ್ದ. ಲೆಕ್ಕ ಹಾಕಿಕೊಡು ಮಾಮಾ ಅಂತ ಇಬ್ಬರೂ ನನ್ನ ಹತ್ತಿರ ಬಂದರು.

ಗೆಳೆಯನ ವಾದದಲ್ಲಿ ಹುರುಳಿತ್ತು. ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಬೆಲೆ ₹34,990. ಚಿಕ್ಕ ಪೆಟ್ಟಿಗೆ, ಕರೆಂಟ್ ಕಮ್ಮಿ. ಗೇಮ್ ಪಾಸ್ ಚಂದಾ ಕಟ್ಟಿದರೆ ನೂರಾರು ಆಟ ಸಿಗುತ್ತವೆ. ಆದರೆ ಅದರಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಎಲ್ಲವನ್ನೂ ಡೌನ್‌ಲೋಡ್ ಮಾಡಬೇಕು. ಈಗಿನ ದೊಡ್ಡ ಆಟ 100 ಜಿಬಿ ದಾಟುತ್ತದೆ. ಮನೆಯಲ್ಲಿ 40 ಎಂಬಿಪಿಎಸ್ ಫೈಬರ್ ಇದ್ದರೂ ಒಂದು ಆಟಕ್ಕೆ ಐದೂವರೆ ಗಂಟೆ ಬೇಕು. ದಿನಕ್ಕೆ ಒಂದೂವರೆ ಜಿಬಿ ಸಿಗುವ ಮೊಬೈಲ್ ಪ್ಯಾಕ್ ನಂಬಿಕೊಂಡರೆ ಎರಡು ತಿಂಗಳಿಗಿಂತ ಜಾಸ್ತಿ. ಚಂದಾ ನಿಲ್ಲಿಸಿದ ದಿನ ಗೇಮ್ ಪಾಸ್ ಆಟಗಳೂ ನಿಲ್ಲುತ್ತವೆ. ಆ ಚಂದಾ ಕೂಡ ಆಮೇಲೆ ಏರಿದ್ದುಂಟು.

ಪಿಎಸ್5ನಲ್ಲಿ ಖರ್ಚು ಬೇರೆ ಕಡೆ ಬೀಳುತ್ತದೆ. ಸೋನಿ ಕಂಪನಿಯದೇ ಹೊಸ ದೊಡ್ಡ ಆಟ ₹4,999ರ ಆಸುಪಾಸು. ಆದರೆ ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಗೆಳೆಯರ ಜೊತೆ ಅದಲು ಬದಲು ಮಾಡಬಹುದು, ಹಳೇ ಪಿಎಸ್4 ಡಿಸ್ಕ್‌ಗಳನ್ನೂ ಹೆಚ್ಚು ಕಡಿಮೆ ಎಲ್ಲವನ್ನೂ ಹಾಕಬಹುದು. ಕಾಲೇಜು ಹುಡುಗರ ಗುಂಪಿನಲ್ಲಿ ಇದು ಸಣ್ಣ ಉಳಿತಾಯ ಅಲ್ಲ. ದುಡ್ಡು ಕೊಟ್ಟು ತಗೊಂಡ ಆಟವನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಎರಡರಲ್ಲೂ ಚಂದಾ ಬೇಕು. ಫ್ರೀ ಆಟಗಳಿಗೆ ಬೇಡ.

ನಿಂಟೆಂಡೊ ಸ್ವಿಚ್ ಹೆಸರೂ ಬಂತು. ಅದನ್ನು ನಾನೇ ತೆಗೆದುಹಾಕಿದೆ. ನಿಂಟೆಂಡೊ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿಂದ ತಂದಿದ್ದು, ಕೆಟ್ಟರೆ ಕೇಳುವವರಿಲ್ಲ.

ಕೊನೆಗೆ ಡಿಸ್ಕ್ ಇರುವ ಪಿಎಸ್5 ಸ್ಲಿಮ್ ಅಂತ ತೀರ್ಮಾನವಾಯಿತು. 2024ರ ಏಪ್ರಿಲ್ 5ಕ್ಕೆ ಅದು ಭಾರತಕ್ಕೆ ಬಂತು. ಡಿಸ್ಕ್ ಇರುವುದಕ್ಕೆ ₹54,990, ಇಲ್ಲದ್ದಕ್ಕೆ ₹44,990. ಅಕ್ಕನ ಹತ್ತಿರ ಅಷ್ಟು ಇರಲಿಲ್ಲ. ಪೇಟೆಯಲ್ಲಿ ವಿಚಾರಿಸುತ್ತಾ ಹೋದಾಗ ಒಂದು ಅಂಗಡಿಯಲ್ಲಿ ಅದೇ ಡಿಸ್ಕ್ ಮಾಡೆಲ್ 47 ಸಾವಿರಕ್ಕೆ ಅಂದರು. ಅಕ್ಕ ಮೊದಲು ಕೇಳಿದ್ದೇ ಬಿಲ್ ಬಗ್ಗೆ.

“ಬಿಲ್ ಬೇಕಂದ್ರ ರೇಟ್ ಬ್ಯಾರೆ ಆಗತದ್ರಿ ಅಕ್ಕಾರ. ಮಾಲ್ ಒಂದೇ ಐತಿ. ನಮ್ಮ ಅಂಗಡಿ ಗ್ಯಾರಂಟಿ ಒಂದ್ ವರ್ಷ, ಏನಾದ್ರೂ ಆತಂದ್ರ ಸೀದಾ ನನ್ನ ಹಂತ್ಯಾಕ ಬರ್ರಿ.”

ಜೊತೆಗೆ ಇಪ್ಪತ್ತಕ್ಕೂ ಜಾಸ್ತಿ ಆಟ ಹಾಕಿಕೊಡುತ್ತೇನೆ ಅಂದರು. ಲೈಫ್‌ಟೈಮ್ ಅಂದರು. ಮಾತಾಡಿದ ರೀತಿ ಎಷ್ಟು ಮರ್ಯಾದೆಯದಾಗಿತ್ತೆಂದರೆ ಅನುಮಾನ ಪಡುವುದೇ ತಪ್ಪು ಅನ್ನಿಸುವಂತಿತ್ತು. ಅಡ್ವಾನ್ಸ್ ಯುಪಿಐನಲ್ಲಿ ಹೋಯಿತು, ಉಳಿದದ್ದು ನಗದು.

ಮಳೆಗಾಲ ಮುಗಿಯುವವರೆಗೆ ಎಲ್ಲ ಸರಿ ಇತ್ತು. ಒಂದು ಸಂಜೆ ಹುಡುಗ ಆನ್ ಮಾಡಿದರೆ ಆಟಗಳ ಮೇಲೆಲ್ಲ ಬೀಗದ ಗುರುತು. ಒಂದೂ ತೆರೆಯಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ “ಸರ್ವರ್ ಪ್ರಾಬ್ಲಂ, ನಾಳೆ ಸರಿ ಆಗತದ” ಅಂತ ಉತ್ತರ. ಸರಿಯಾಗಲೇ ಇಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಎಲ್ಲರಿಗೂ ತಿಳಿದಿರಬೇಕು. ಪಿಎಸ್5ನಲ್ಲಿ ‘ಕನ್ಸೋಲ್ ಶೇರಿಂಗ್’ ಅಂತ ಒಂದು ಸೆಟ್ಟಿಂಗ್ ಇದೆ. ಒಂದು ಅಕೌಂಟಿಗೆ ಒಂದೇ ಪಿಎಸ್5ನಲ್ಲಿ ಅದನ್ನು ಆನ್ ಮಾಡಬಹುದು. ಆನ್ ಇದ್ದರೆ ಆ ಅಕೌಂಟಿನಲ್ಲಿ ತಗೊಂಡ ಆಟಗಳನ್ನು ಆ ಪೆಟ್ಟಿಗೆಯಲ್ಲಿ ಮನೆಯವರೆಲ್ಲ ತಮ್ಮ ತಮ್ಮ ಹೆಸರಿನಲ್ಲಿ ಆಡಬಹುದು. ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಅನುಕೂಲವಾಗಲಿ ಅಂತ ಕೊಟ್ಟ ಸೌಲಭ್ಯ ಅದು. ಅಂಗಡಿಯವರು ಇದನ್ನೇ ವ್ಯಾಪಾರ ಮಾಡಿಕೊಂಡಿದ್ದಾರೆ. ತಮ್ಮ ಒಂದು ಅಕೌಂಟಿನಲ್ಲಿ ಆಟ ತಗೊಂಡು ನಿಮ್ಮ ಕನ್ಸೋಲ್‌ನಲ್ಲಿ ಆನ್ ಮಾಡಿ ಕೊಡುತ್ತಾರೆ. ಪಾಸ್‌ವರ್ಡ್ ಅವರ ಕೈಯಲ್ಲೇ ಇರುತ್ತದೆ. ನಾಳೆ ಇನ್ನೊಬ್ಬ ಗಿರಾಕಿ ಬಂದಾಗ ದೂರದಿಂದಲೇ ನಿಮ್ಮ ಪೆಟ್ಟಿಗೆಯ ಹಕ್ಕು ತೆಗೆದು ಅವರಿಗೆ ಕೊಡಬಹುದು. ಅಕೌಂಟ್ ಹೀಗೆ ಮಾರುವುದು ಕಂಪನಿಯ ನಿಯಮಕ್ಕೇ ವಿರುದ್ಧ, ಹಾಗಾಗಿ ಅಕೌಂಟೇ ಬ್ಯಾನ್ ಆದರೂ ಆಗಬಹುದು. ಎಕ್ಸ್‌ಬಾಕ್ಸ್‌ನಲ್ಲೂ ‘ಹೋಮ್ ಎಕ್ಸ್‌ಬಾಕ್ಸ್’ ಅಂತ ಇಂಥದ್ದೇ ವ್ಯವಸ್ಥೆ ಇದೆ, ಅಲ್ಲೂ ಇದೇ ವ್ಯಾಪಾರ ಮಾಡಬಹುದು. ಹುಡುಗ ತಿಂಗಳುಗಟ್ಟಲೆ ಆಡಿ ಉಳಿಸಿಕೊಂಡ ಸೇವ್‌ಗಳೆಲ್ಲ ಅವನ ಹೆಸರಿನಲ್ಲಿ ಹಾಗೇ ಇವೆ. ತೆರೆಯಲು ಆಟ ಇಲ್ಲ, ಅಷ್ಟೇ.

ಹೋಗಲಿ, ಡಿಸ್ಕ್ ಹಾಕಿ ಆಡಿದರಾಯಿತು ಅಂತ ಸಮಾಧಾನ ಮಾಡಿಕೊಂಡೆವು. ಸ್ವಲ್ಪ ದಿನಕ್ಕೆ ಆಟದ ಮಧ್ಯೆ ಕನ್ಸೋಲ್ ತಾನೇ ಆಫ್ ಆಗಲು ಶುರುವಾಯಿತು. ಮೊದಲು ಗಂಟೆಗೊಮ್ಮೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ. ಗಾಳಿಯಾಡುವ ಜಾಗದಲ್ಲಿಟ್ಟು, ಧೂಳು ತೆಗೆದು, ಬೇರೆ ಪ್ಲಗ್‌ಗೆ ಹಾಕಿ ನೋಡಿದೆವು. ಏನೂ ಬದಲಾಗಲಿಲ್ಲ. ಅಂಗಡಿಗೆ ಹೊತ್ತುಕೊಂಡು ಹೋದಾಗ ಅದೇ ಮನುಷ್ಯನ ದನಿ ಬೇರೆಯಾಗಿತ್ತು.

“ಗ್ಯಾರಂಟಿ ಸಾಫ್ಟ್‌ವೇರಿಗಷ್ಟ ಐತ್ರಿ. ಹಾರ್ಡ್‌ವೇರ್ ಕಂಪನಿ ನೋಡ್ಕೋತೈತಿ.”

ಕಂಪನಿಯ ಸರ್ವಿಸ್‌ಗೆ ಸೀರಿಯಲ್ ನಂಬರ್ ಕೊಟ್ಟೆವು. ಇದು ಭಾರತದಲ್ಲಿ ಮಾರಾಟವಾದ ಪೀಸ್ ಅಲ್ಲ, ಬಿಲ್ಲೂ ಇಲ್ಲ, ಇಲ್ಲಿ ವಾರಂಟಿ ಬರುವುದಿಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಭಾರತದಲ್ಲಿ ತಗೊಂಡ ಪಿಎಸ್5ಗೆ ಒಂದು ವರ್ಷದ ವಾರಂಟಿ ಇದೆ, ಅದಕ್ಕೇ ಆ ಬೆಲೆ. ನಮ್ಮದು ಭಾರತದ್ದೇ ಅಲ್ಲ ಅನ್ನುವುದನ್ನು ಮಾರುವಾಗ ಬಚ್ಚಿಟ್ಟು “ಮಾಲ್ ಒಂದೇ” ಅಂದವರ ಮೇಲೆ ನನ್ನ ಸಿಟ್ಟು.

ಅಂಗಡಿಯವರು ಕೊನೆಗೆ ಇನ್ನೊಂದು ದಾರಿ ತೋರಿಸಿದರು: ನಮ್ಮ ಮೊಬೈಲ್ ರಿಪೇರಿ ಹುಡುಗ ಬಿಚ್ಚಿ ನೋಡುತ್ತಾನೆ. ಅಕ್ಕನ ಮಗ ಸುತಾರಾಂ ಒಪ್ಪಲಿಲ್ಲ, ಅವನು ಮಾಡಿದ್ದು ಸರಿ. ಪಿಎಸ್5ನಲ್ಲಿ ಚಿಪ್‌ಗೂ ಅದರ ಬಿಸಿ ಎಳೆಯುವ ಹೀಟ್‌ಸಿಂಕ್‌ಗೂ ನಡುವೆ ಸಾಮಾನ್ಯ ಪೇಸ್ಟ್ ಇರುವುದಿಲ್ಲ, ದ್ರವ ಲೋಹ ಇರುತ್ತದೆ. ಅದಕ್ಕೆ ವಿದ್ಯುತ್ ಹರಿಯುತ್ತದೆ. ಗೊತ್ತಿಲ್ಲದವರು ಬಿಚ್ಚಿದಾಗ ಬೋರ್ಡಿನ ಮೇಲೆ ಚೆಲ್ಲಿದರೆ ಇಡೀ ಬೋರ್ಡೇ ಹೋಗುತ್ತದೆ. ಇದನ್ನು ನಿಜವಾಗಿ ಮಾಡಿ ಗೊತ್ತಿರುವವರಿಗೆ ಮಾತ್ರ ಕೊಡಿ.

ನಮ್ಮ ವಯಸ್ಸಿನವರಿಗೆ ಬಿಲ್, ಸೀರಿಯಲ್ ನಂಬರ್ ಯಾಕಿಷ್ಟು ಮುಖ್ಯ ಅನ್ನಿಸಬಹುದು. ನಾವು ಚಿಕ್ಕವರಿದ್ದಾಗ ಟಿವಿ ಗೇಮ್ ತಂದು ಕ್ಯಾಸೆಟ್ ಚುಚ್ಚಿದರೆ ಆಟ ಶುರು. ಪಿಎಸ್2 ಕಾಲದಲ್ಲೂ ಚಿಪ್ ಹಾಕಿಸಿ ಅಗ್ಗದ ಸಿಡಿ ತಂದು ಆಡಿದವರು ಬೇಕಾದಷ್ಟು ಜನ. ಆಗ ಪೆಟ್ಟಿಗೆ ಯಾರನ್ನೂ ಕೇಳುತ್ತಿರಲಿಲ್ಲ. ಈಗಿನದು ನೆಟ್‌ಗೆ ಸೇರಿದಾಗಲೆಲ್ಲ ಕಂಪನಿಗೆ ತನ್ನ ಗುರುತು ಹೇಳುತ್ತದೆ. ಜೈಲ್‌ಬ್ರೇಕ್ ಮಾಡಿದ, ಅಂದರೆ ಕಂಪನಿಯ ಬೀಗ ಮುರಿದ ಸ್ವಿಚ್ ಬ್ಯಾನ್ ಆದರೆ ಆನ್‌ಲೈನ್ ಆಟವೂ ಇಲ್ಲ, ಕಂಪನಿಯ ಆನ್‌ಲೈನ್ ಅಂಗಡಿಯೂ ಇಲ್ಲ. ಬ್ಯಾನ್ ಪೆಟ್ಟಿಗೆಗೇ ಅಂಟಿರುತ್ತದೆ, ಹೊಸ ಅಕೌಂಟ್ ಮಾಡಿದರೂ ಹೋಗುವುದಿಲ್ಲ. ಎಕ್ಸ್‌ಬಾಕ್ಸ್‌ನಲ್ಲೂ ಪೆಟ್ಟಿಗೆಗೇ ಬ್ಯಾನ್ ಬೀಳುವುದಿದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ನಿಮ್ಮದೇ ಅಕೌಂಟ್ ಹಾಕಿ, ನೆಟ್‌ಗೆ ಸೇರಿಸಿ, ಒಂದು ಆನ್‌ಲೈನ್ ಆಟ ಅಲ್ಲೇ ಕೂತು ಆಡಿ ನೋಡದೆ ದುಡ್ಡು ಕೊಡಬೇಡಿ. ಹಳೇ ಡಿಜಿಟಲ್ (ಡಿಸ್ಕ್ ಇಲ್ಲದ) ಪಿಎಸ್5ಗೆ ಡಿಸ್ಕ್ ಡ್ರೈವ್ ಆಮೇಲೆ ಸೇರಿಸಲು ಬರುವುದಿಲ್ಲ. ಸ್ಲಿಮ್‌ಗೆ ಬರುತ್ತದೆ, ಆದರೆ ಜೋಡಿಸಿದ ಮೇಲೆ ಮೊದಲ ಸಲ ನೆಟ್ ಬೇಕು. “ಆಮ್ಯಾಲ ಡ್ರೈವ್ ಹಾಕ್ಕೊಬಹುದ್ರಿ” ಅಂದರೆ ಯಾವ ಮಾಡೆಲ್ ಅಂತ ಮೊದಲು ನೋಡಿ.

ಹೊಸದಾದರೆ ಡಬ್ಬಿಯನ್ನು ತಿರುಗಿಸಿ ನೋಡಿ. ಹೊರದೇಶದಿಂದ ತಂದು ಇಲ್ಲಿ ಮಾರುವ ಪ್ಯಾಕ್ ವಸ್ತುವಿನ ಮೇಲೆ ಎಂಆರ್‌ಪಿ ಮತ್ತು ಆಮದು ಮಾಡಿದವರ ಹೆಸರು, ವಿಳಾಸ ಇರಲೇಬೇಕು ಅಂತ ಕಾನೂನಿದೆ. ವಿಡಿಯೋ ಗೇಮ್ ಪೆಟ್ಟಿಗೆಗಳಿಗೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿಯೂ ಕಡ್ಡಾಯ. ನಮ್ಮ ಡಬ್ಬಿಯ ಮೇಲೆ ಇವು ಯಾವುವೂ ಇರಲಿಲ್ಲ, ಒಳಗಿನ ವೈರಿಗೆ ನಮ್ಮ ದುಂಡು ಪಿನ್ನಿನ ಬದಲು ಚೌಕ ಪಿನ್ನಿನ ಪ್ಲಗ್ ಇತ್ತು. ಅದಕ್ಕೆ ಅಂಗಡಿಯವರು ಒಂದು ಕನ್ವರ್ಟರ್ ಕೊಟ್ಟು ಕಳಿಸಿದ್ದರು.

ಈಗ ಲೆಕ್ಕ ನೋಡಿ. ಉಳಿದದ್ದು ₹7,990. ಹೋದದ್ದು 47 ಸಾವಿರ, ಮೇಲೆ ಡಿಸ್ಕ್‌ಗಳಿಗೆ ಹಾಕಿದ ದುಡ್ಡು. ಗೆಳೆಯ ಹೇಳಿದ ಸೀರೀಸ್ ಎಸ್ ಅನ್ನು ಬಿಲ್ ಸಮೇತ ತಂದಿದ್ದರೂ ಇದಕ್ಕಿಂತ ಕಮ್ಮಿಯಲ್ಲಿ ಮುಗಿಯುತ್ತಿತ್ತು. ಯಾವ ಕನ್ಸೋಲ್ ಒಳ್ಳೆಯದು ಅನ್ನುವ ಚರ್ಚೆಯಲ್ಲಿ ಹುಡುಗರು ಗ್ರಾಫಿಕ್ಸ್, ಫ್ರೇಮ್ ರೇಟ್ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಕೆಟ್ಟರೆ ಯಾರ ಹತ್ತಿರ ಹೋಗಬೇಕು ಅನ್ನುವ ಪ್ರಶ್ನೆಯನ್ನೂ ಅದರಲ್ಲಿ ಸೇರಿಸಿ. ನನ್ನ ಪ್ರಕಾರ ಅದನ್ನೇ ಮೊದಲು ಕೇಳಬೇಕು. ದುಡ್ಡು ಸಾಲದಿದ್ದರೆ ಇಎಂಐ ಮಾಡಿ, ಹಬ್ಬದ ರಿಯಾಯಿತಿಗೆ ಕಾಯಿರಿ, ಇಲ್ಲವೇ ಚಿಕ್ಕ ಮಾಡೆಲ್ ತಗೊಳ್ಳಿ.

ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ ಒಂದು ಮಾತು. “ಬಿಲ್ ಇಲ್ಲ, ಏನ್ ಮಾಡ್ತೀರಿ” ಅಂತ ನಮಗೂ ಅಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಯುಪಿಐ ರಸೀದಿ, ವಾಟ್ಸಾಪ್ ಮಾತುಕತೆ, ಡಬ್ಬಿಯ ಮೇಲಿನ ಸೀರಿಯಲ್ ನಂಬರಿನ ಫೋಟೋ, ಗ್ಯಾರಂಟಿ ಅಂತ ಬರೆದುಕೊಟ್ಟ ಚೀಟಿ, ಇವೆಲ್ಲ ಸಾಕ್ಷಿ. ಏನನ್ನೂ ಅಳಿಸಬೇಡಿ. ಫೋನಿನಲ್ಲಿ ಮಾತಾಡುವ ಬದಲು ಮೆಸೇಜ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿ ಉಳಿಯುತ್ತದೆ. ನಾವು ಮೊದಲು 1915ಕ್ಕೆ ಫೋನ್ ಮಾಡಿದೆವು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಮುಗಿಯದಿದ್ದರೆ ಬೆಳಗಾವಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. ಅಂಗಡಿಯವರು “ಮುಂದಿನ ವಾರ ಬರ್ರಿ” ಅನ್ನುತ್ತಾ ದಿನ ತಳ್ಳಿದರೆ ಆ ಅವಧಿ ನಿಮ್ಮ ಕೈಯಿಂದಲೇ ಜಾರುತ್ತದೆ, ಹಾಗಾಗಿ ಕಾಯುತ್ತಾ ಕೂರಬೇಡಿ.