ಎನ್‌ಎಸ್‌ಎಸ್ ವಾರ್ಷಿಕ ವಿಶೇಷ ಶಿಬಿರ: ನನ್ನ ಕಡೆಯಿಂದ ನಾಲ್ಕು ಸ್ಟಾರ್

ನಾಯಕತ್ವ ಕಲಿಯಬೇಕು ಅಂತ ಹೋಟೆಲ್‌ನಲ್ಲಿ ನಡೆಯುವ ಕಾರ್ಯಾಗಾರಕ್ಕೆ ದುಡ್ಡು ಕಟ್ಟುವ ಮೊದಲು, ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಕ್ಕೆ ಹೆಸರು ಕೊಡಿ. ನಾನು ಉಡುಪಿಯಲ್ಲಿ ಬಿಕಾಂ ಕೊನೆಯ ವರ್ಷದಲ್ಲಿದ್ದೇನೆ, ಎರಡನ್ನೂ ನೋಡಿದ್ದೇನೆ. ಕಾರ್ಯಾಗಾರದಲ್ಲಿ ಊಟ ಚೆನ್ನಾಗಿತ್ತು, ಒಂದು ಫೈಲ್ ಕೊಟ್ಟರು. ಹತ್ತು ಜನರನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದು ಹೇಗೆ ಅಂತ ಗೊತ್ತಾದದ್ದು ಶಿಬಿರದಲ್ಲೇ.

ನಮ್ಮ ಶಿಬಿರ ಕಾರ್ಕಳ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ನಡೆಯಿತು. ಏಳು ದಿನ, ಐವತ್ತರಷ್ಟು ಜನ, ತರಗತಿಯ ನೆಲದಲ್ಲೇ ಚಾಪೆ. ಮೊದಲ ದಿನವೇ ತಂಡ ಮಾಡಿ ನಾಯಕರನ್ನು ಆರಿಸಿದರು. ಒಂದು ತಂಡ ನನ್ನ ಪಾಲಿಗೆ ಬಂತು. ಅಡುಗೆ, ಸ್ವಚ್ಛತೆ, ಸಂಜೆಯ ಕಾರ್ಯಕ್ರಮ ಎಲ್ಲವೂ ಸರದಿಯಲ್ಲಿ. ಶ್ರಮದಾನ ಮಾತ್ರ ದಿನಾ ಎಲ್ಲರಿಗೂ.

ಶ್ರಮದಾನ ಅಂದರೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುವುದು. ಮಳೆ ನಿಂತ ಮೇಲೆ ನೀರು ತಡೆದರೆ ಸುಗ್ಗಿ ಬೆಳೆಗೆ, ಅಡಿಕೆ ತೋಟಕ್ಕೆ ಆಗುತ್ತದೆ, ಸುತ್ತಲಿನ ಬಾವಿಗಳಲ್ಲೂ ನೀರು ನಿಲ್ಲುತ್ತದೆ. ಖಾಲಿ ಸಿಮೆಂಟ್ ಚೀಲಕ್ಕೆ ಮರಳು ತುಂಬಿ, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಬೇಕು. ಹುಡುಗರು ಉಮೇದಿನಲ್ಲಿ ಬಾಯಿವರೆಗೂ ತುಂಬಿಸುತ್ತಿದ್ದರು. ಪಕ್ಕದ ಗದ್ದೆಯ ಅಜ್ಜ ಒಂದು ಚೀಲವನ್ನು ಕಾಲಿನಿಂದ ಒತ್ತಿ ನೋಡಿ, "ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು ಮಗಾ. ತುಂಬಿದ ಚೀಲ ಸರಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಹೋಗ್ತದೆ" ಅಂದರು. ಹಾಗೆ ಮಾಡಿದಾಗ ಚೀಲ ಹಗುರವೂ ಆಯಿತು, ಸಾಲೂ ಓಡತೊಡಗಿತು. ಆಮೇಲೆ ನನ್ನ ಕೆಲಸ ಸಾಲನ್ನು ನೋಡುವುದು. ಎಲ್ಲಿ ಚೀಲ ರಾಶಿ ಬೀಳುತ್ತದೋ ಅಲ್ಲಿಗೆ ಇನ್ನೊಬ್ಬರನ್ನು ಸೇರಿಸುವುದು, ನೀರಿನಲ್ಲಿ ನಿಂತವರನ್ನು ಆಗಾಗ ಬದಲಿಸುವುದು. "ಬೇಗ ಬೇಗ" ಅಂತ ಕೂಗಿದರೆ ಯಾರೂ ಅಲುಗಾಡುವುದಿಲ್ಲ. ಹೆಸರು ಹಿಡಿದು ಕರೆದು, ಇಂಥ ಜಾಗದಲ್ಲಿ ನಿಲ್ಲು ಅಂದರೆ ಬಂದು ನಿಲ್ಲುತ್ತಾರೆ.

ರಾತ್ರಿಯ ಅವಲೋಕನ ಸಭೆ ಇನ್ನೂ ಗಟ್ಟಿ ಪಾಠ. ಆ ದಿನದ ವರದಿಯನ್ನು ನಾಯಕರು ಎಲ್ಲರೆದುರು ಒಪ್ಪಿಸಬೇಕು. ಅನ್ನ ಯಾಕೆ ಸಾಲಲಿಲ್ಲ, ಕಾರ್ಯಕ್ರಮ ಯಾಕೆ ತಡವಾಯಿತು ಅಂತ ನಮ್ಮ ಗೆಳೆಯರೇ ಎದ್ದು ಕೇಳುತ್ತಾರೆ. ಮೊದಲ ರಾತ್ರಿ ನನಗೆ ಗಂಟಲು ಕಟ್ಟಿತು. ಮರುದಿನದಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ ನಿಧಾನವಾಗಿ ಉತ್ತರ ಕೊಟ್ಟೆ.

ಒಂದು ಸ್ಟಾರ್ ಕಡಿಮೆ ಯಾಕೆ? ಅತಿಥಿಗಳ ಭಾಷಣ ತೀರಾ ಜಾಸ್ತಿ. ಬೆಳಿಗ್ಗೆ ಮರಳು ಹೊತ್ತವರು ಮಧ್ಯಾಹ್ನ ಕೂತು ಅಷ್ಟು ಹೊತ್ತು ಕೇಳಲು ಆಗುವುದಿಲ್ಲ. ಅದಕ್ಕಿಂತ ಬೇಸರದ್ದು ಇನ್ನೊಂದು. ಸರದಿ ಪಟ್ಟಿ ಇದ್ದರೂ ಅಡುಗೆಗೆ ಜನ ಸಾಲದಾಗ ಹುಡುಗಿಯರನ್ನೇ ಕರೆಯುತ್ತಿದ್ದರು. ಇದನ್ನು ನಾನು ಸಭೆಯಲ್ಲೇ ಹೇಳಿದೆ. ಕೊನೆಯ ಎರಡು ದಿನ ಹುಡುಗರು ತೆಂಗಿನಕಾಯಿ ತುರಿದರು, ಪಾತ್ರೆಯನ್ನೂ ತೊಳೆದರು. ಮೊದಲ ದಿನದಿಂದಲೇ ಹಾಗಿರಬೇಕಿತ್ತು ಅಲ್ವಾ?

ಎನ್‌ಎಸ್‌ಎಸ್ 1969ರಿಂದ ಇದೆ. ಪ್ರಮಾಣಪತ್ರ ಬೇಕಾದರೆ ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಒಂದು ವಿಶೇಷ ಶಿಬಿರ ಮುಗಿಸಬೇಕು. ಹಾಗಾಗಿ ಕೊನೆಯ ವರ್ಷದವರೆಗೆ ಕಾಯಬೇಡಿ, ಮೊದಲ ವರ್ಷವೇ ಸೇರಿ. ಹಳೆಯ ಬಟ್ಟೆ, ಟೋಪಿ, ಟಾರ್ಚ್ ತನ್ನಿ. ತಂಡದ ನಾಯಕರು ಯಾರಾಗುತ್ತೀರಿ ಅಂತ ಕೇಳಿದಾಗ ಹಿಂದೆ ಸರಿಯದೆ ಕೈ ಎತ್ತಿ.